ಇಕಾಮಾ ಬರುವ ಮೊದಲು, ಬಂದ ಮೇಲೆ: ನಮ್ಮ ಕಡೆಯಿಂದ ಗಲ್ಫಿಗೆ ಹೊರಟವರಿಗೆ

"ವೀಸಾ ಬಂತು" ಎಂದು ಏಜೆಂಟ್ ವಾಟ್ಸಾಪಿಗೆ ಹಾಕಿದ ಕಾಗದದಲ್ಲಿ ಮನೆಯವರೆಲ್ಲ ನೋಡುವುದು ಹೆಸರು, ಫೋಟೊ, ತಾರೀಖು. ಮೊದಲು ನೋಡಬೇಕಾದ ಸಾಲು ಬೇರೆ. ಸೌದಿ ವೀಸಾದಲ್ಲಿ 'ಅಲ್-ಮಿಹ್ನಾ' ಎಂಬ ಸಾಲಿರುತ್ತದೆ, ಹುದ್ದೆ ಎಂದು ಅರ್ಥ. ಅದರ ಮುಂದೆ ಅರಬಿಯಲ್ಲಿ 'ಆಮಿಲ್' ಎಂದಿದ್ದರೆ ಕೂಲಿ ಕೆಲಸಗಾರ. 'ಸಾಯಿಖ್ ಖಾಸ್' ಎಂದಿದ್ದರೆ ಒಂದು ಮನೆಯ ಖಾಸಗಿ ಡ್ರೈವರ್. 'ರಾಯೀ ಗನಮ್' ಎಂದಿದ್ದರೆ ಕುರಿ ಕಾಯುವವ. ಅಂಗಡಿಯಲ್ಲಿ ಸೇಲ್ಸ್‌ಮನ್ ಕೆಲಸ ಎಂದು ಬಾಯಲ್ಲಿ ಹೇಳಿ, ಕಾಗದದಲ್ಲಿ ಕೊನೆಯದನ್ನು ಬರೆಸಿ ಕಳಿಸಿದರೆ, ಅಲ್ಲಿ ಇಳಿದ ಮೇಲೆ ಲೆಕ್ಕಕ್ಕೆ ಬರುವುದು ಕಾಗದ ಮಾತ್ರ.

ಈ ವಿಷಯದಲ್ಲಿ ಕಲಬುರಗಿ, ಬೀದರ್, ಯಾದಗಿರಿಯವರಿಗೆ ಒಂದು ಅನುಕೂಲ ಇದೆ. ಉರ್ದು ಓದಬಲ್ಲವರು ಊರೂರಲ್ಲಿ ಸಿಗುತ್ತಾರೆ. ಅವರಿಗೆ ಅರಬಿ ಭಾಷೆ ಬರದಿದ್ದರೂ ಅಕ್ಷರ ಕೂಡಿಸಿ ಆ ಒಂದು ಪದವನ್ನು ಓದಿ ಹೇಳಬಲ್ಲರು. ಐದು ನಿಮಿಷದ ಕೆಲಸ. ಆದರೂ "ಅಲ್ಲಿ ಹೋದ ಮ್ಯಾಲ ನೋಡಮು ತಗೋ" ಎಂದು ಹಾಗೇ ಹೊರಡುವವರು ಕಡಿಮೆಯಿಲ್ಲ.

ಆ ಒಂದು ಸಾಲಿಗೆ ಇಷ್ಟು ತೂಕ ಯಾಕೆ? ಗಲ್ಫಿನಲ್ಲಿ ಸಿಮ್, ಬ್ಯಾಂಕ್ ಖಾತೆ, ಪಗಾರ, ಆಸ್ಪತ್ರೆ, ರಜೆಗೆ ಊರಿಗೆ ಬರುವುದು, ಎಲ್ಲವೂ ಒಂದು ಕಾರ್ಡಿಗೆ ಗಂಟು ಬಿದ್ದಿವೆ. ಸೌದಿಯಲ್ಲಿ ಅದು ಇಕಾಮಾ, ಯುಎಇಯಲ್ಲಿ ಎಮಿರೇಟ್ಸ್ ಐಡಿ. ಆ ಕಾರ್ಡು ವೀಸಾಕ್ಕೆ ಗಂಟು ಬಿದ್ದಿದೆ. ವೀಸಾ ಒಬ್ಬ ಮಾಲೀಕನಿಗೆ, ಒಂದು ಹುದ್ದೆಗೆ. ಆ ಮಾಲೀಕನನ್ನು ಸೌದಿಗೆ ಹೋಗಿಬಂದವರು ಕಫೀಲ ಎನ್ನುತ್ತಾರೆ. ಮೊದಲ ಗಂಟು ಊರಲ್ಲಿ ತಪ್ಪಾಗಿ ಬಿದ್ದರೆ ಉಳಿದವನ್ನು ಅಲ್ಲಿ ಬಿಡಿಸುವುದು ಬಹಳ ಕಷ್ಟ.

ಆಜಾದ್ ವೀಸಾ ಎಂಬುದು ಇಲ್ಲ

ಏಜೆಂಟರು ಹೆಚ್ಚು ದುಡ್ಡಿಗೆ ಮಾರುವುದು ಆಜಾದ್ ವೀಸಾವನ್ನು: "ಎಲ್ಲಿ ಬೇಕಾದರೂ ಕೆಲಸ ಮಾಡಬಹುದು." ಸೌದಿ ಕಾನೂನಿನಲ್ಲಿ ಈ ಹೆಸರಿನ ವೀಸಾ ಇಲ್ಲ. ಅಲ್ಲಿನ ಒಬ್ಬ ಮನುಷ್ಯ ತನ್ನ ಹೆಸರಲ್ಲಿ ವೀಸಾ ತೆಗೆದು ಮಾರುತ್ತಾನೆ, ಕೊಂಡವನು ಹೊರಗೆ ಕೆಲಸ ಹುಡುಕಿಕೊಳ್ಳುತ್ತಾನೆ. ಹಾಗೆ ಬೇರೆಯವರ ಬಳಿ ದುಡಿಯುವುದು ಅಪರಾಧ. ತಪಾಸಣೆಯಲ್ಲಿ ಸಿಕ್ಕರೆ ದಂಡ, ಜೈಲು, ಗಡಿಪಾರು.

ಇವುಗಳಲ್ಲಿ ಬಹಳಷ್ಟು ಮನೆ ಡ್ರೈವರ್ ವೀಸಾಗಳೇ ಆಗಿರುತ್ತವೆ. ಅದರ ಹಿಂದೆ ಒಂದು ಲೆಕ್ಕವಿದೆ. ಕಂಪನಿಯ ಕೆಲಸಗಾರನಿಗೆ ಸರ್ಕಾರಕ್ಕೆ ತಿಂಗಳಿಗೆ 700ರಿಂದ 800 ರಿಯಾಲ್ ವರ್ಕ್ ಪರ್ಮಿಟ್ ಶುಲ್ಕ ಕಟ್ಟಬೇಕು. ಅದಕ್ಕೆ ವರ್ಷಕ್ಕೆ 650 ರಿಯಾಲ್ ಇಕಾಮಾ ಶುಲ್ಕ, ವಿಮೆ ಸೇರಿದರೆ ಹತ್ತಿರಹತ್ತಿರ 10,000 ರಿಯಾಲ್ ಆಗುತ್ತದೆ. ತೀರಾ ಸಣ್ಣ ಅಂಗಡಿ ಮತ್ತು ಕೆಲವು ವಲಯಗಳಿಗೆ ವಿನಾಯಿತಿ ಉಂಟು. ಮನೆ ಡ್ರೈವರಿಗೆ ಸಾಮಾನ್ಯವಾಗಿ ಇಕಾಮಾದ 600 ರಿಯಾಲ್ ಮಾತ್ರ. ವೀಸಾ ಮಾರುವವನಿಗೆ ಇದು ಅಗ್ಗ. ಕೊಂಡವನಿಗೆ ತುಟ್ಟಿ, ಯಾಕೆಂದರೆ ಮನೆಗೆಲಸದವರು ಮತ್ತು ಮನೆ ಡ್ರೈವರುಗಳು ಸೌದಿಯ ಸಾಮಾನ್ಯ ಕಾರ್ಮಿಕ ಕಾನೂನಿನ ಒಳಗೆ ಬರುವುದಿಲ್ಲ, ಅವರಿಗೆ ಬೇರೆ ನಿಯಮಾವಳಿ ಇದೆ. 2021ರ ಮಾರ್ಚ್ 14ರಿಂದ ಕಂಪನಿ ಕೆಲಸಗಾರರು ಕೆಲವು ಷರತ್ತುಗಳ ಮೇಲೆ ಕಫೀಲನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಬಹುದು, ರಜೆಗೆ ಊರಿಗೆ ಹೋಗಿ ಮರಳುವ ಎಕ್ಸಿಟ್ ರೀ-ಎಂಟ್ರಿ ಅನುಮತಿಯನ್ನು ತಾವೇ ಹಾಕಿಕೊಳ್ಳಬಹುದು. ಆ ಸುಧಾರಣೆ ಮನೆ ಡ್ರೈವರುಗಳಿಗೆ ಬರಲಿಲ್ಲ. ನಾಲ್ಕು ವರ್ಷ ದುಡಿದು ಬಿಟ್ಟರೆ ಮನೆ ಡ್ರೈವರಿಗೆ ಗ್ರಾಚ್ಯುಟಿಯಾಗಿ ಒಂದು ತಿಂಗಳ ಪಗಾರ ಸಿಗುತ್ತದೆ. ಕಾಂಟ್ರಾಕ್ಟ್ ಮುಗಿಸಿ ಬರುವ ಕಂಪನಿ ಕೆಲಸಗಾರನಿಗೆ ಅಷ್ಟೇ ವರ್ಷಕ್ಕೆ ಎರಡು ತಿಂಗಳದ್ದು.

ಕಫೀಲನಿಗೂ ನಿಮಗೂ ಜಗಳವಾಯಿತು ಎಂದುಕೊಳ್ಳಿ. ಅವನು ಫೋನಿನಲ್ಲೇ 'ಕೆಲಸ ಬಿಟ್ಟು ಓಡಿಹೋಗಿದ್ದಾನೆ' ಎಂದು ವರದಿ ಹಾಕಬಹುದು. ಇದಕ್ಕೆ ಹುರೂಬ್ ಎನ್ನುತ್ತಾರೆ. ಹುರೂಬ್ ಬಿದ್ದವನ ಇಕಾಮಾ ಕೈಯಲ್ಲಿದ್ದರೂ ಸತ್ತಂತೆ. ಆಜಾದ್ ವೀಸಾದವನು ನಿಜಕ್ಕೂ ಬೇರೆಡೆ ಕೆಲಸ ಮಾಡುತ್ತಿರುವುದರಿಂದ ಆ ವರದಿ ಸುಳ್ಳೆಂದು ಸಾಧಿಸಲೂ ಬರುವುದಿಲ್ಲ.

ದುಬೈ ಕಡೆ ಹೋಗುವವರಿಗೆ ಬೀಳುವ ಬಲೆ ವಿಸಿಟ್ ವೀಸಾ. "ಹೋಗಿ ಕೂಡು, ಅಲ್ಲೇ ಬದಲಿಸ್ತೀವಿ." ವಿಸಿಟ್ ವೀಸಾದ ಮೇಲೆ ಹೋಗಿ ಇಂಟರ್‌ವ್ಯೂ ಕೊಡಬಹುದು. ಒಂದು ದಿನ ಕೆಲಸ ಮಾಡಿದರೂ ಕಾನೂನುಬಾಹಿರ. ಪಗಾರ ಕೊಡದಿದ್ದರೆ ಕೇಳಲು ಕಾಂಟ್ರಾಕ್ಟೂ ಇರುವುದಿಲ್ಲ. ಪರ್ಮಿಟ್ ಇಲ್ಲದವರನ್ನು ದುಡಿಸಿಕೊಳ್ಳುವ ಮಾಲೀಕನಿಗೆ 2024ರಿಂದ ಯುಎಇಯಲ್ಲಿ 1 ಲಕ್ಷದಿಂದ 10 ಲಕ್ಷ ದಿರ್ಹಮ್ ದಂಡವಿದೆ. ಹಾಗಾಗಿ ತಪಾಸಣೆ ಬಂದ ದಿನ "ಇವನು ಯಾರೋ ಗೊತ್ತಿಲ್ಲ" ಎಂದು ಮಾಲೀಕನೇ ಮೊದಲು ಹೇಳುತ್ತಾನೆ. ಕಾಗದವಿಲ್ಲದ ಭರವಸೆ ಎಷ್ಟು ದೂರ ಒಯ್ಯಬಹುದು ಎಂಬುದನ್ನು ಕಲಬುರಗಿ ಜಿಲ್ಲೆ ಕಂಡಿದೆ. 2023ರ ಕೊನೆಗೆ ಸೆಕ್ಯುರಿಟಿ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋದ ಜಿಲ್ಲೆಯ ಯುವಕರು ಯುಕ್ರೇನ್ ಯುದ್ಧಭೂಮಿಗೆ ತಲುಪಿ, 2024ರ ಸೆಪ್ಟೆಂಬರಿನಲ್ಲಿ ಜೀವ ಉಳಿಸಿಕೊಂಡು ಮರಳಿದರು.

ಊರಲ್ಲೇ ಮುಗಿಸಬೇಕಾದ ಕಾಗದಗಳು

ಪಾಸ್‌ಪೋರ್ಟಿನಲ್ಲಿ ಇಸಿಆರ್ ಮುದ್ರೆ ಇದೆಯೇ ನೋಡಿ. ಇದ್ದರೆ ಗಲ್ಫ್ ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಎಮಿಗ್ರೇಶನ್ ಕ್ಲಿಯರೆನ್ಸ್ (ದೇಶ ಬಿಡುವ ಅನುಮತಿ) ಬೇಕು. ಇ-ಮೈಗ್ರೇಟ್ ತಾಣದ ಮೂಲಕ ಅರ್ಜಿ ಹೋಗುತ್ತದೆ. ಹತ್ತನೇ ತರಗತಿ ಪಾಸಾಗಿಯೂ ಪಾಸ್‌ಪೋರ್ಟ್ ಮಾಡಿಸುವಾಗ ಮಾರ್ಕ್ಸ್ ಕಾರ್ಡ್ ಕೊಡದೆ ಇಸಿಆರ್ ಹೊಡೆಸಿಕೊಂಡವರು ನಮ್ಮ ಕಡೆ ಬಹಳ. ಮಾರ್ಕ್ಸ್ ಕಾರ್ಡ್ ಕೊಟ್ಟು ಪಾಸ್‌ಪೋರ್ಟ್ ಮರುಮಾಡಿಸಿದರೆ ಮುದ್ರೆ ಹೋಗುತ್ತದೆ. ಹಾಗೆಂದು ಕ್ಲಿಯರೆನ್ಸನ್ನು ಬರೀ ತಲೆನೋವು ಎಂದುಕೊಳ್ಳಬೇಡಿ. ಕಡಿಮೆ ಓದಿದವರ ಕಾಂಟ್ರಾಕ್ಟನ್ನು ಸರ್ಕಾರ ಒಮ್ಮೆ ನೋಡುವುದು ಅಲ್ಲಿ ಮಾತ್ರ. ಅದನ್ನು ತಪ್ಪಿಸಲೆಂದೇ ಏಜೆಂಟರು ವಿಸಿಟ್ ವೀಸಾ ಹಿಡಿಸಿ ಕಳಿಸುವುದು.

ಏಜೆಂಟ್ ನೋಂದಾಯಿತನೋ ಅಲ್ಲವೋ ಎಂಬುದೂ ಇ-ಮೈಗ್ರೇಟಿನಲ್ಲೇ ಕಾಣುತ್ತದೆ. ಹೈದರಾಬಾದ್, ಮುಂಬೈಯ ನೋಂದಾಯಿತ ಏಜೆನ್ಸಿಯ ಹೆಸರು ಹೇಳಿಕೊಂಡು ತಾಲೂಕಿನಲ್ಲಿ ಓಡಾಡುವ ಸಬ್-ಏಜೆಂಟಿಗೆ ಕಾನೂನಿನಲ್ಲಿ ಸ್ಥಾನವಿಲ್ಲ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ. ಶೇ 18 ಜಿಎಸ್‌ಟಿ ಸೇರಿ 35,400. ಒಂದೂವರೆ ಲಕ್ಷ ಕೇಳಿದರೆ ಉಳಿದ ದುಡ್ಡು ಯಾವುದಕ್ಕೆ ಎಂದು ಕೇಳಿ, ಬ್ಯಾಂಕಿನಿಂದಲೇ ಕಟ್ಟಿ, ರಸೀದಿ ಹಿಡಿಯಿರಿ. ಹೊಲ ಒತ್ತೆ ಇಟ್ಟು ನಗದು ಕೊಟ್ಟವರ ಬಳಿ ಆಮೇಲೆ ಒಂದು ಚೀಟಿಯೂ ಇರುವುದಿಲ್ಲ.

ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಪಾಲಿಸಿ 2 ವರ್ಷಕ್ಕೆ 275 ರೂಪಾಯಿ, 3 ವರ್ಷಕ್ಕೆ 375. ಅಪಘಾತದಲ್ಲಿ ಜೀವ ಹೋದರೆ ಅಥವಾ ಶಾಶ್ವತ ಅಂಗವೈಕಲ್ಯ ಆದರೆ 10 ಲಕ್ಷ. ಏಜೆಂಟ್ ಮಾಡಿಸಿರುತ್ತಾನೆ, ಪಾಲಿಸಿ ಮನೆಯವರ ಕೈಯಲ್ಲಿ ಇರುವುದಿಲ್ಲ. ಪ್ರತಿ ತೆಗೆಸಿ ಮನೆಯಲ್ಲಿಡಿ, ನಾಮಿನಿಯ ಹೆಸರು ಆಧಾರಿನಲ್ಲಿ ಇದ್ದಂತೆಯೇ ಇದೆಯೇ ನೋಡಿ.

ಮೆಡಿಕಲ್ ತಪಾಸಣೆ 'ವಾಫಿದ್' ಎಂಬ ವ್ಯವಸ್ಥೆಯಲ್ಲಿ ಆಗುತ್ತದೆ. ಹಳಬರು ಇದನ್ನು ಇಂದಿಗೂ ಗಾಮ್ಕಾ ಎನ್ನುತ್ತಾರೆ. ಹಿಂದೆಂದೋ ಆಗಿ ವಾಸಿಯಾದ ಟಿಬಿಯ ಕಲೆ ಎಕ್ಸ್‌ರೇಯಲ್ಲಿ ಕಂಡರೂ ಅನ್‌ಫಿಟ್ ಬರುವುದುಂಟು. ಅಂಥ ಇತಿಹಾಸವಿದ್ದವರು ಮೊದಲು ಊರಲ್ಲೇ ಒಂದು ಎಕ್ಸ್‌ರೇ ತೆಗೆಸಿ ನೋಡಿ, ಆಮೇಲೆ ಏಜೆಂಟಿಗೆ ದುಡ್ಡು ಕೊಡುವುದು ಜಾಣತನ. ಪ್ಲಂಬರ್, ಎಲೆಕ್ಟ್ರಿಷಿಯನ್, ವೆಲ್ಡರ್ ಮುಂತಾದ ಹಲವು ಹುದ್ದೆಗಳಿಗೆ ಸೌದಿ ವೀಸಾದ ಮೊದಲು ಭಾರತದಲ್ಲೇ ಕೌಶಲ ಪರೀಕ್ಷೆ ಇದೆ. ಡಿಗ್ರಿ, ಡಿಪ್ಲೊಮಾ ಪತ್ರಗಳ ದೃಢೀಕರಣಕ್ಕೆ ಎರಡು ದಾರಿ. ಒಂದು ದೇಶದ ದೃಢೀಕರಣ ಮುದ್ರೆಯನ್ನು ಇನ್ನೊಂದು ದೇಶ ಒಪ್ಪುವ ಅಪೊಸ್ಟಿಲ್ ಒಪ್ಪಂದ 2022ರ ಡಿಸೆಂಬರಿನಿಂದ ಸೌದಿಯಲ್ಲಿ ಜಾರಿಯಲ್ಲಿರುವುದರಿಂದ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ ನಡೆಯುತ್ತದೆ. ಯುಎಇ ಆ ಒಪ್ಪಂದದಲ್ಲಿಲ್ಲ, ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ನರ್ಸಿಂಗ್ ಮಾಡಿದವರಿಗೆ ಇದರ ಮೇಲೆ ಡೇಟಾಫ್ಲೋ ಎಂಬ ಕಂಪನಿಯ ಪತ್ರ ಪರಿಶೀಲನೆ ಇದೆ. ಅವರು ಕಾಲೇಜಿಗೂ ನೀವು ದುಡಿದ ಆಸ್ಪತ್ರೆಗೂ ನೇರ ಬರೆದು ಕೇಳುತ್ತಾರೆ. ಅನುಭವ ಪತ್ರ ಕೊಟ್ಟ ನರ್ಸಿಂಗ್ ಹೋಮ್ ಉತ್ತರಿಸದಿದ್ದರೆ ಫೈಲು ಅಲ್ಲೇ ನಿಲ್ಲುತ್ತದೆ. ಹೊರಡುವ ಮೊದಲೇ ಅಲ್ಲಿನ ಆಫೀಸಿನವರಿಗೆ ಹೇಳಿಡಿ.

ಅಂಟಿನ ಉಂಡಿ ಬೇಡ

ಬ್ಯಾಗ್ ಕಟ್ಟುವುದು ತಾಯಂದಿರ ಕೆಲಸ. ಅದಕ್ಕೇ ಈ ಭಾಗವನ್ನು ಅವರಿಗೂ ಓದಿ ಹೇಳಿ. ಗಸಗಸೆ ಯುಎಇ, ಸೌದಿ, ಕತಾರ್ ಮೂರೂ ಕಡೆ ನಿಷಿದ್ಧ. ಅಫೀಮಿನ ಗಿಡದ ಬೀಜವೇ ಗಸಗಸೆ, ಅಲ್ಲಿನ ಕಾನೂನು ಅದನ್ನು ಮಾದಕವಸ್ತುವಿನ ಸಾಲಿನಲ್ಲೇ ನೋಡುತ್ತದೆ. ಪೊಟ್ಟಣ ಕಟ್ಟಿ ಒಯ್ಯುವವರು ವಿರಳ. ಅಪಾಯವಿರುವುದು ಒಳಗೆ ಅಡಗಿದ ಗಸಗಸೆಯಲ್ಲಿ: ಅಂಟಿನ ಉಂಡಿ, ಕರ್ಜಿಕಾಯಿಯ ಹೂರಣ, ಮಾದಲಿ, ಮನೆಯಲ್ಲಿ ಕುಟ್ಟಿದ ಮಸಾಲಿ ಖಾರ. ಉಂಡಿಯ ಮೇಲೆ ಅಂಟಿದ ಸಾಸಿವೆಗಿಂತ ಸಣ್ಣ ಬಿಳಿ ಕಾಳು ಕಸ್ಟಮ್ಸಿನವನ ಕಣ್ಣಿಗೆ ತಿಂಡಿಯಲ್ಲ. ಗಸಗಸೆ ಹಾಕದೆ ಮಾಡಿಕೊಡಿ, ಇಲ್ಲವೇ ಬಿಡಿ.

ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿಗೆ ತೊಂದರೆಯಿಲ್ಲ. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ತುದಿವರೆಗೆ ಒತ್ತಾಗಿ ಜೋಡಿಸಿ ಮೇಲೆ ಬಟ್ಟೆ ತುರುಕಿ. ಸಂದು ಉಳಿದರೆ ಹೈದರಾಬಾದ್ ಮುಟ್ಟುವಷ್ಟರಲ್ಲಿ ಪುಡಿಯಾಗಿರುತ್ತದೆ. ಹಿಂಡಿ ಎಣ್ಣೆ ಬಿಡುತ್ತದೆ, ಎರಡು ಕವರಿನಲ್ಲಿ ಕಟ್ಟಿ. ಗುಟ್ಕಾ, ಜರ್ದಾ, ಎಲೆ-ಅಡಿಕೆ ಮನೆಯಲ್ಲೇ ಬಿಟ್ಟು ಹೋಗಿ.

ಔಷಧದಲ್ಲಿ ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್, ಅಲ್ಪ್ರಜೊಲಾಮ್, ಪ್ರೆಗಾಬಲಿನ್ ನಿಯಂತ್ರಿತ ಪಟ್ಟಿಯಲ್ಲಿವೆ. ಮಂಡಿನೋವಿಗೆ, ನರದ ನೋವಿಗೆ ಊರಲ್ಲಿ ಸಲೀಸಾಗಿ ಬರೆದುಕೊಡುವ ಗುಳಿಗೆಗಳಿವು. ಬೇಕೇಬೇಕಿದ್ದರೆ ಆ ದೇಶದ ಆರೋಗ್ಯ ಇಲಾಖೆಯ ಆನ್‌ಲೈನ್ ಪರವಾನಗಿ ಮೊದಲೇ ಪಡೆಯಿರಿ. ಬಿಪಿ, ಶುಗರಿನ ಗುಳಿಗೆಗಳನ್ನೂ ಸ್ಟ್ರಿಪ್ ಸಮೇತ, ವೈದ್ಯರ ಇಂಗ್ಲಿಷ್ ಚೀಟಿಯೊಂದಿಗೆ, ಒಂದು ತಿಂಗಳಿಗಾಗುವಷ್ಟು ಮಾತ್ರ ಒಯ್ಯಿರಿ. ಇನ್ನೊಬ್ಬರು ಕೊಟ್ಟ ಪಾರ್ಸಲನ್ನು, ಅವರು ಸ್ವಂತ ಮಾವನೇ ಆಗಿದ್ದರೂ, ಬಿಚ್ಚಿ ನೋಡದೆ ಬ್ಯಾಗಿಗೆ ಹಾಕಬೇಡಿ.

ಊರಿನ ಸಿಮ್ ಸಾಯಲು ಬಿಡಬೇಡಿ. ಬ್ಯಾಂಕು, ಆಧಾರ್, ಎಲ್ಲದರ ಓಟಿಪಿ ಅದಕ್ಕೇ ಬರುವುದು. 90 ದಿನ ಬಳಸದಿದ್ದರೆ ಕಂಪನಿ ನಂಬರ್ ನಿಲ್ಲಿಸಬಹುದು. ಅಂತರರಾಷ್ಟ್ರೀಯ ರೋಮಿಂಗ್ ಊರಲ್ಲಿರುವಾಗಲೇ ಚಾಲೂ ಮಾಡಿಸಿ, ರೀಚಾರ್ಜಿನ ಜವಾಬ್ದಾರಿ ಮನೆಯ ಒಬ್ಬರಿಗೆ ವಹಿಸಿ. ಯುಎಇಯಲ್ಲಿ ವಾಟ್ಸಾಪ್ ಮೆಸೇಜ್ ಹೋಗುತ್ತದೆ, ಕಾಲ್ ಆಗುವುದಿಲ್ಲ. ಅಲ್ಲಿ ಪರವಾನಗಿ ಇರುವ ಬೋಟಿಮ್ ಥರದ ಆ್ಯಪನ್ನು ಮನೆಯವರ ಫೋನಿಗೂ ಹೊರಡುವ ಮೊದಲೇ ಹಾಕಿ ಕಲಿಸಿ. ಚಾರ್ಜರಿಗೆ ಮೂರು ಚಪ್ಪಟೆ ಪಿನ್ನಿನ ಅಡಾಪ್ಟರ್ ಬೇಕು. ನಮ್ಮ ದುಂಡು ಪಿನ್ ಅಲ್ಲಿ ಕೂಡುವುದಿಲ್ಲ.

ಕಾರ್ಡಿನ ಹಾದಿ

ಸೌದಿಗೆ ಇಳಿದ 90 ದಿನದೊಳಗೆ ಮಾಲೀಕ ಇಕಾಮಾ ಮಾಡಿಸಬೇಕು. ಅಲ್ಲಿ ಮತ್ತೊಮ್ಮೆ ಮೆಡಿಕಲ್ ಆಗುತ್ತದೆ, ಆರೋಗ್ಯ ವಿಮೆ ಆಗುತ್ತದೆ, ಆಮೇಲೆ ಕಾರ್ಡು. ಅಲ್ಲಿಯವರೆಗೆ ಪಾಸ್‌ಪೋರ್ಟಿಗೆ ಸೇರಿಸಿದ ಬಾರ್ಡರ್ ನಂಬರೇ ನಿಮ್ಮ ಗುರುತು, ಬರೆದಿಟ್ಟುಕೊಳ್ಳಿ. ಗಡುವು ಮೀರಿದರೆ 500 ರಿಯಾಲ್ ದಂಡ. ಇಕಾಮಾ, ವರ್ಕ್ ಪರ್ಮಿಟ್, ಅವುಗಳ ನವೀಕರಣ, ತಡವಾದ ದಂಡ, ಎಲ್ಲವೂ ಕಾರ್ಮಿಕ ಕಾನೂನಿನ 40ನೇ ವಿಧಿಯಂತೆ ಮಾಲೀಕನ ತಲೆಮೇಲೆ. "ಪಗಾರದಲ್ಲಿ ಕಡೀತೀವಿ" ಎಂದರೆ ಅದು ನಿಯಮವಲ್ಲ, ದಬ್ಬಾಳಿಕೆ.

ಯುಎಇಯಲ್ಲಿ ಕೆಲಸದ ಎಂಟ್ರಿ ಪರ್ಮಿಟ್ ಮೇಲೆ ಇಳಿದ 60 ದಿನದೊಳಗೆ ಮೆಡಿಕಲ್, ಬೆರಳಚ್ಚು, ಎಮಿರೇಟ್ಸ್ ಐಡಿ ಮುಗಿಯಬೇಕು. ಊರಲ್ಲಿ ಸಹಿ ಮಾಡಿದ ಆಫರ್ ಲೆಟರಿಗೂ ಅಲ್ಲಿ ನೋಂದಣಿಯಾಗುವ ಕಾಂಟ್ರಾಕ್ಟಿಗೂ ಪಗಾರ ಒಂದೇ ಇರಬೇಕು. ಆ ಆಫರ್ ಲೆಟರ್ ಅರಬಿ, ಇಂಗ್ಲಿಷ್ ಜೊತೆಗೆ ಕೆಲಸಗಾರನಿಗೆ ಬರುವ ಇನ್ನೊಂದು ಭಾಷೆಯಲ್ಲೂ ಸಿಗುತ್ತದೆ: ಹಿಂದಿ, ಉರ್ದು, ತಮಿಳು, ಮಲಯಾಳಂ ಇವೆ, ಕನ್ನಡ ಇಲ್ಲ. ನಮ್ಮ ಕಡೆಯವರು ಉರ್ದು ಅಥವಾ ಹಿಂದಿಯದನ್ನು ಕೇಳಿ ಪಡೆಯಿರಿ. ಸೌದಿಯಲ್ಲಿ ಇಕಾಮಾ ಬಂದ ಮೇಲೆ ಕಾಂಟ್ರಾಕ್ಟು ಕಿವಾ ಎಂಬ ತಾಣದಲ್ಲಿ ನಿಮ್ಮ ಒಪ್ಪಿಗೆಗೆ ಬರುತ್ತದೆ. ಒಪ್ಪಿಗೆಯ ಗುಂಡಿ ಒತ್ತುವ ಮೊದಲು ಮೂಲ ಪಗಾರ ಎಷ್ಟು, ಊಟ-ವಸತಿಯ ಭತ್ಯೆ ಎಷ್ಟು, ಕಾಂಟ್ರಾಕ್ಟು ಎಷ್ಟು ವರ್ಷದ್ದು ಎಂಬ ಮೂರನ್ನು ನೋಡಿ. ಓವರ್‌ಟೈಮ್, ಗ್ರಾಚ್ಯುಟಿಯ ಲೆಕ್ಕ ಅಲ್ಲಿಂದಲೇ ಹುಟ್ಟುವುದು.

ಕಾರ್ಡು ಕೈಗೆ ಬಂದ ದಿನ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಪಾಸ್‌ಪೋರ್ಟಿನೊಂದಿಗೆ ತಾಳೆ ನೋಡಿ. ಅರಬಿಗೆ ಹೋಗಿ ಮರಳಿ ಇಂಗ್ಲಿಷಿಗೆ ಬರುವಾಗ 'ಪ' ಹೋಗಿ 'ಬ' ಆಗುವುದು ಸಾಮಾನ್ಯ, ಅರಬಿಯಲ್ಲಿ 'ಪ' ಅಕ್ಷರವೇ ಇಲ್ಲ. ಪರಶುರಾಮ ಅಲ್ಲಿ 'ಬ'ದಿಂದ ಶುರುವಾಗುತ್ತಾನೆ. ಮುಂದೆ ಬ್ಯಾಂಕು ಊರಿಗೆ ದುಡ್ಡು ಕಳಿಸುವಾಗ ತಡೆಯುವುದು ಇಲ್ಲೇ.

ಕಾರ್ಡು ಬಂದ ಮೇಲೆ ಬೆರಳಚ್ಚು ಕೊಟ್ಟು ನಿಮ್ಮದೇ ಹೆಸರಿನ ಸಿಮ್ ತೆಗೆಯಿರಿ. ಗೆಳೆಯನ ಹೆಸರಿನ ಸಿಮ್ಮಿನಿಂದ ಅಬ್ಶರ್ (ಸೌದಿ ಸರ್ಕಾರದ ಸೇವೆಗಳ ಆ್ಯಪ್) ಖಾತೆ ತೆರೆದರೆ ಅವನು ಊರಿಗೆ ಹೋದ ದಿನ ನಿಮ್ಮ ಬೀಗದ ಕೈ ಅವನ ಜೊತೆ ಹೋಗುತ್ತದೆ. ಸಿಮ್, ನಂತರ ಅಬ್ಶರ್, ನಂತರ ಬ್ಯಾಂಕ್: ಕ್ರಮ ಇದೇ. ಅಬ್ಶರಿನಲ್ಲಿ ಇಕಾಮಾದ ಅವಧಿ, ದಂಡ, ಹುರೂಬ್ ಬಿದ್ದಿದೆಯೇ ಎಲ್ಲ ಕಾಣುತ್ತದೆ. ತಿಂಗಳಿಗೊಮ್ಮೆ ತೆರೆದು ನೋಡುವ ರೂಢಿ ಇಟ್ಟುಕೊಳ್ಳಿ.

ಕಳ್ಳರಿಗೂ ಇದು ಗೊತ್ತು. ಚೊಕ್ಕ ಉರ್ದುವಿನಲ್ಲಿ ಫೋನ್ ಬರುತ್ತದೆ: "ಭಾಯ್, ಅಬ್ಶರ್ ಅಪ್‌ಡೇಟ್ ಆಗಬೇಕು, ನಂಬರ್ ಬಂದಿದೆ ನೋಡು, ಹೇಳು." ಸೌದಿಯಲ್ಲಿ ನಫಾಥ್ ಎಂಬ ಆ್ಯಪಿದೆ, ಪರದೆಯಲ್ಲಿ ಎರಡಂಕಿಯ ಸಂಖ್ಯೆ ಮೂಡುತ್ತದೆ, ಅದನ್ನು ಒತ್ತಿದರೆ ನಿಮ್ಮ ಸಹಿ ಆದಂತೆ. ನೀವಾಗಿ ಏನನ್ನೂ ಕೇಳದಿದ್ದಾಗ ಬಂದ ಸಂಖ್ಯೆಯನ್ನು ಒತ್ತಿದರೆ ನಿಮ್ಮ ಹೆಸರಲ್ಲಿ ಸಿಮ್ ಹೊರಡಬಹುದು, ಸಾಲ ಏಳಬಹುದು. ತೀರದ ಸಾಲ ಇದ್ದವನಿಗೆ ದೇಶ ಬಿಡಲು ತಡೆ ಬೀಳಬಹುದು.

ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಳ್ಳುವಂತಿಲ್ಲ, ಎರಡೂ ದೇಶದಲ್ಲಿ. ಇಟ್ಟುಕೊಳ್ಳುವವರು ಇದ್ದಾರೆ ಎಂಬುದೂ ನಿಜ. ಪಾಸ್‌ಪೋರ್ಟ್, ವೀಸಾ, ಕಾಂಟ್ರಾಕ್ಟ್, ಕಾರ್ಡಿನ ಎರಡೂ ಬದಿಯ ಫೋಟೊ ಮನೆಯವರ ಫೋನಿನಲ್ಲೂ ಇರಲಿ.

ಯುಎಇಗೆ ಹೋದವರು ಐಲೋ ಎಂಬ ಕೆಲಸ ಕಳೆದುಕೊಂಡಾಗಿನ ವಿಮೆ ಮರೆಯಬೇಡಿ. ಮೂಲ ಪಗಾರ 16,000 ದಿರ್ಹಮಿನೊಳಗೆ ಇದ್ದರೆ ತಿಂಗಳಿಗೆ 5 ದಿರ್ಹಮ್. ಮಾಡಿಸದಿದ್ದರೆ 400 ದಂಡ. ಸತತ 12 ತಿಂಗಳು ಕಟ್ಟಿದ ಮೇಲೆ ಕೆಲಸ ಹೋದರೆ ಮೂಲ ಪಗಾರದ ಶೇ 60ರಷ್ಟು ಮೂರು ತಿಂಗಳವರೆಗೆ ಬರುತ್ತದೆ.

ರೊಕ್ಕ ಊರಿಗೆ

ರಿಯಾಲ್ ಡಾಲರಿಗೆ 3.75ರಂತೆ, ದಿರ್ಹಮ್ 3.6725ರಂತೆ ಗಟ್ಟಿಯಾಗಿ ಕಟ್ಟಿವೆ. ಹಾಗಾಗಿ ರೇಟು ಸರಿಯಾಗಿದೆಯೇ ಎಂದು ಯಾರನ್ನೂ ಕೇಳಬೇಕಿಲ್ಲ. ಅಂದಿನ ಡಾಲರ್ ದರವನ್ನು 3.75ರಿಂದ ಭಾಗಿಸಿ. ಡಾಲರ್ 90 ರೂಪಾಯಿ ಇದ್ದರೆ ರಿಯಾಲಿಗೆ 24 ರೂಪಾಯಿ, ದಿರ್ಹಮಿಗೆ ಸುಮಾರು 24.50. ಎಕ್ಸ್‌ಚೇಂಜಿನವನು "ಫೀಸ್ ಇಲ್ಲ" ಎಂದು ಬೋರ್ಡು ಹಾಕಿ 23.70 ಕೊಟ್ಟರೆ, 1,500 ರಿಯಾಲ್ ಕಳಿಸಿದಾಗ 450 ರೂಪಾಯಿ ಅವನ ಜೇಬಿಗೆ ಹೋಯಿತು, ಅಂದರೆ 19 ರಿಯಾಲ್ ಹತ್ತಿರ. ಪಕ್ಕದವನು 15 ರಿಯಾಲ್ ಫೀಸ್ ತೆಗೆದುಕೊಂಡು 24 ಕೊಡುತ್ತಿದ್ದರೆ ಅವನೇ ಅಗ್ಗ. ಎಷ್ಟು ರಿಯಾಲ್ ಕೊಟ್ಟೆ, ಊರಿನ ಖಾತೆಗೆ ಎಷ್ಟು ರೂಪಾಯಿ ಮುಟ್ಟಿತು, ಈ ಎರಡನ್ನೇ ಹೋಲಿಸಿ.

ಬ್ಯಾಂಕಿನ ಹೊರಗೆ ದುಡ್ಡು ದಾಟಿಸುವ ಹುಂಡಿಯವರ ರೇಟು ಇದಕ್ಕಿಂತ ಒಂದಿಷ್ಟು ಹೆಚ್ಚಿರುತ್ತದೆ. ಅದು ಕಾನೂನುಬಾಹಿರ ಎಂಬುದು ಎಲ್ಲರಿಗೂ ಗೊತ್ತು. ಈಚೆಗೆ ಬಂದ ಕಷ್ಟ ಇನ್ನೊಂದು. ಹುಂಡಿಯವನು ಮನೆಯವರ ಖಾತೆಗೆ ಹಾಕುವ ರೂಪಾಯಿ ಯಾವುದೋ ಆನ್‌ಲೈನ್ ವಂಚನೆಯ ದುಡ್ಡಾಗಿರಬಹುದು. ಯಾವುದೋ ರಾಜ್ಯದ ಸೈಬರ್ ಪೊಲೀಸರು ಆ ಖಾತೆ ಸ್ತಂಭನ ಮಾಡಿದರೆ, ಅವ್ವನ ಹೆಸರಿನ ಖಾತೆ ಬಿಡಿಸಲು ತಿಂಗಳುಗಟ್ಟಲೆ ಓಡಾಟ.

ಕೆಲಸಕ್ಕೆಂದು ದೇಶ ಬಿಟ್ಟವರು ಫೆಮಾ (ವಿದೇಶಿ ವಿನಿಮಯ) ಕಾನೂನಿನಲ್ಲಿ ಅನಿವಾಸಿ. ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಗಲ್ಫಿನ ದುಡ್ಡಿಗೆ ಎನ್‌ಆರ್‌ಇ ಖಾತೆ ತೆಗೆಯಿರಿ, ಅದರ ಬಡ್ಡಿಗೆ ತೆರಿಗೆಯಿಲ್ಲ. ಮನೆ ಬಾಡಿಗೆ, ಹೊಲದ ಲಾವಣಿ, ತೊಗರಿ ಮಾರಿದ ದುಡ್ಡು ಎನ್‌ಆರ್‌ಒಗೆ. ಎನ್‌ಆರ್‌ಒ ಬಡ್ಡಿಯಲ್ಲಿ ಶೇ 30 ಮತ್ತು ಮೇಲಿನ ಸೆಸ್ ಮೊದಲೇ ಕಡಿತವಾಗುತ್ತದೆ, ಹಾಗಾಗಿ ಅಲ್ಲಿ ಠೇವಣಿ ಇಡುವುದು ನಷ್ಟ.

ಗಲ್ಫಿನ ದುಡ್ಡಿನಲ್ಲಿ ನಮ್ಮವರು ಮೊದಲು ಮಾಡುವ ಆಸೆ ಎರಡು ಎಕರೆ ಹೊಲದ್ದು. ಅನಿವಾಸಿ ಭಾರತೀಯ ಕೃಷಿ ಜಮೀನು ಖರೀದಿಸುವಂತಿಲ್ಲ. ಹಿಂದಿನಿಂದ ಇದ್ದದ್ದನ್ನು ಇಟ್ಟುಕೊಳ್ಳಬಹುದು, ವಾರಸಾ ಬಂದದ್ದನ್ನು ಪಡೆಯಬಹುದು. ಮನೆ, ಸೈಟು ಕೊಳ್ಳಲು ಅಡ್ಡಿಯಿಲ್ಲ. ರಜೆಗೆ ಬಂದಾಗ ಆತುರದಲ್ಲಿ ತಮ್ಮ ಹೆಸರಿಗೇ ಹೊಲದ ರಿಜಿಸ್ಟ್ರಿ ಮಾಡಿಸಿಕೊಂಡವರು ಫೆಮಾ ಉಲ್ಲಂಘನೆಯನ್ನೂ ಕೊಂಡಂತೆ. ಪಿಎಂ-ಕಿಸಾನ್ ಕೂಡ ಅನಿವಾಸಿಗಳಿಗಿಲ್ಲ, ಖಾತೆಗೆ ಬರುತ್ತಿದ್ದರೆ ನಿಲ್ಲಿಸಿ.

ಬಿಸಿಲು ಒಂದೇ ಅಲ್ಲ

"ನಮಗೇನು ಬಿಸಿಲು ಹೊಸದಾ, ಕಲಬುರಗಿಯವರು ನಾವು" ಎನ್ನುವ ಧೈರ್ಯ ರಿಯಾದಿನಲ್ಲಿ ಸ್ವಲ್ಪ ನಡೆದೀತು. ದಮ್ಮಾಮ್, ಜೆದ್ದಾ, ದುಬೈಯಲ್ಲಿ ನಡೆಯುವುದಿಲ್ಲ. ನಮ್ಮ ಮೇ ತಿಂಗಳ ಬಿಸಿಲು ಒಣ, ಬೆವರು ಆರುತ್ತದೆ, ಆರುವಾಗ ಮೈ ತಂಪಾಗುತ್ತದೆ. ಕಡಲ ಬದಿಯ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದೇ ಇಲ್ಲ, ಇಳಿದು ಹೋಗುತ್ತದೆ. ನೀರೂ ಉಪ್ಪೂ ಹೋಯಿತು, ತಂಪು ಮಾತ್ರ ಬರಲಿಲ್ಲ. ಅದಕ್ಕೇ ಮೊದಲ ಎರಡು ವಾರ ಬಯಲು ಕೆಲಸದವರು ಹೆಚ್ಚು ಬೀಳುತ್ತಾರೆ. ದಾಹವಾಗುವವರೆಗೆ ಕಾಯದೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು, ದಿನದಲ್ಲಿ ಒಂದೆರಡು ಓಆರ್‌ಎಸ್. ಮೂತ್ರ ಚಹಾ ಬಣ್ಣಕ್ಕೆ ತಿರುಗಿದರೆ ಕೆಲಸ ನಿಲ್ಲಿಸಿ. ಬೆವರು ನಿಂತು, ಮೈ ಕಾದು, ಮಾತು ತೊದಲಿದರೆ ಅದು ಲೂ (ಬಿಸಿಲಿನ ಹೊಡೆತ) ಬಡಿದಂತೆ: ಅಂಗಿ ಬಿಚ್ಚಿ ನೀರು ಸುರಿಯುತ್ತ ಆಂಬುಲೆನ್ಸ್ ಕರೆಯಬೇಕು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಬಯಲು ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ: ಸೌದಿಯಲ್ಲಿ ಮಧ್ಯಾಹ್ನ 12ರಿಂದ 3, ಯುಎಇಯಲ್ಲಿ 12.30ರಿಂದ 3.

ಆಂಬುಲೆನ್ಸ್ ನಂಬರಿನಲ್ಲಿ ಒಂದು ಗೋಜಲಿದೆ. ಸೌದಿಯಲ್ಲಿ 997 ಆಂಬುಲೆನ್ಸ್, 998 ಅಗ್ನಿಶಾಮಕ. ಯುಎಇಯಲ್ಲಿ ಸರಿಯಾಗಿ ಉಲ್ಟಾ: 998 ಆಂಬುಲೆನ್ಸ್, 997 ಅಗ್ನಿಶಾಮಕ. ಪೊಲೀಸ್ ಎರಡೂ ಕಡೆ 999. ರಿಯಾದ್, ಮಕ್ಕಾ, ಪೂರ್ವ ಪ್ರಾಂತ್ಯಗಳಲ್ಲಿ ಎಲ್ಲದಕ್ಕೂ 911. ದೇಶ ಬದಲಿಸಿದವರು ಫೋನಿನಲ್ಲಿ ಹೆಸರೂ ಬದಲಿಸಿಕೊಳ್ಳಿ.

ಪಗಾರ ನಿಂತರೆ, ಬಿಟ್ಟು ಬರುವುದಾದರೆ

ಪಗಾರ ನಿಂತಾಗ ಕೆಲಸಕ್ಕೆ ಹೋಗುವುದನ್ನು ನಿಲ್ಲಿಸಬೇಡಿ. ಗೈರುಹಾಜರಿಯೇ ಹುರೂಬಿಗೆ ನೆಪವಾಗುತ್ತದೆ. ಎರಡೂ ದೇಶದಲ್ಲಿ ಪಗಾರ ಬ್ಯಾಂಕಿನ ಮೂಲಕವೇ ಆಗಬೇಕೆಂಬ ವ್ಯವಸ್ಥೆ ಇರುವುದರಿಂದ ಖಾತೆಯ ಸ್ಟೇಟ್‌ಮೆಂಟೇ ಸಾಕ್ಷಿ. ನಗದು ಕೊಟ್ಟು ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡರೆ ಆ ಪುಟದ ಫೋಟೊ ತೆಗೆದಿಡಿ. ಸೌದಿಯಲ್ಲಿ ಕಾರ್ಮಿಕ ಸಚಿವಾಲಯದ ನಂಬರ್ 19911. ದೂರು ಮೊದಲು ರಾಜಿಗೆ ಹೋಗುತ್ತದೆ, 21 ದಿನದಲ್ಲಿ ಬಗೆಹರಿಯದಿದ್ದರೆ ಕಾರ್ಮಿಕ ಕೋರ್ಟಿಗೆ. ಕೆಲಸ ಬಿಟ್ಟ 12 ತಿಂಗಳೊಳಗೆ ಕೇಳಬೇಕು. ಊರಿಗೆ ಬಂದು ಸುಧಾರಿಸಿಕೊಂಡು ಆಮೇಲೆ ನೋಡೋಣ ಎಂದವರದು ಹೆಚ್ಚಾಗಿ ಕೈತಪ್ಪಿದೆ. ಯುಎಇಯಲ್ಲಿ ಕಾರ್ಮಿಕ ದೂರಿಗೆ 80084. ಭಾರತದ ವಿದೇಶಾಂಗ ಸಚಿವಾಲಯದ ಮದದ್ ತಾಣದಲ್ಲಿ ಮನೆಯವರೂ ಇಲ್ಲಿಂದಲೇ ದೂರು ದಾಖಲಿಸಬಹುದು. ಅದರ ಸಂಖ್ಯೆ ಬರೆದಿಟ್ಟುಕೊಂಡರೆ ರಿಯಾದ್ ಅಥವಾ ಅಬುಧಾಬಿಯ ರಾಯಭಾರ ಕಚೇರಿ, ಜೆದ್ದಾ ಅಥವಾ ದುಬೈಯ ಕಾನ್ಸುಲೇಟಿನಲ್ಲಿ ಕೇಳಲು ದಾರಿಯಾಗುತ್ತದೆ.

ಬಿಟ್ಟು ಬರುವಾಗಿನ ಗ್ರಾಚ್ಯುಟಿಯ ಲೆಕ್ಕವನ್ನು ನೀವೇ ಮಾಡಿಟ್ಟುಕೊಳ್ಳಿ. ಸೌದಿಯಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಪಗಾರ, ಆಮೇಲೆ ವರ್ಷಕ್ಕೆ ಒಂದು ತಿಂಗಳದ್ದು. ಪಗಾರ 1,800 ರಿಯಾಲ್, ನಾಲ್ಕು ವರ್ಷದ ಕಾಂಟ್ರಾಕ್ಟು ಮುಗಿಯಿತು: 3,600 ರಿಯಾಲ್. ಅದೇ ಮನುಷ್ಯ ನಡುವೆ ರಾಜೀನಾಮೆ ಕೊಟ್ಟರೆ ಎರಡು ವರ್ಷಕ್ಕಿಂತ ಕಡಿಮೆಗೆ ಏನೂ ಇಲ್ಲ, ಎರಡರಿಂದ ಐದಕ್ಕೆ ಮೂರನೇ ಒಂದು ಪಾಲು: 1,200. ಈ 2,400 ರಿಯಾಲಿನ ವ್ಯತ್ಯಾಸ ಒಂದು ಸಹಿಯಲ್ಲಿದೆ. ಕೊನೆಯ ವಾರ ಮಾಲೀಕನ ಕಡೆಯವರು ಅರಬಿಯಲ್ಲಿ ಎರಡು ಕಾಗದ ತರಬಹುದು. ಒಂದರ ತಲೆಯ ಮೇಲೆ 'ಇಸ್ತಿಖಾಲಾ' ಎಂದಿದ್ದರೆ ಅದು ರಾಜೀನಾಮೆ, ಕಾಂಟ್ರಾಕ್ಟ್ ಮುಗಿದವರು ಅದಕ್ಕೆ ಸಹಿ ಹಾಕುವ ಕಾರಣವೇ ಇಲ್ಲ. ಇನ್ನೊಂದು 'ಮುಖಾಲಸಾ', ನನಗೆ ಬರಬೇಕಾದ್ದೆಲ್ಲ ಬಂದಿದೆ ಎಂಬ ಬರಹ. ಊರಲ್ಲಿ ವೀಸಾ ಓದಿಸಿದಂತೆ ಇದನ್ನೂ ಉರ್ದು ಬರುವ ರೂಮ್‌ಮೇಟಿನಿಂದ ಓದಿಸಿ. ಮುಖಾಲಸಾಕ್ಕೆ ಸಹಿ ದುಡ್ಡು ಖಾತೆಗೆ ಬಿದ್ದ ಮೆಸೇಜ್ ಬಂದ ಮೇಲೆ, ಮೊದಲಲ್ಲ. "ಏರ್‌ಪೋರ್ಟಿನಲ್ಲಿ ಕೊಡ್ತೀವಿ" ಎಂದರೆ ಒಪ್ಪಬೇಡಿ. ಫೈನಲ್ ಎಕ್ಸಿಟ್ (ಕೊನೆಯದಾಗಿ ದೇಶ ಬಿಡುವ ಅನುಮತಿ) ಹೊಡೆದ ಮೇಲೂ ಹೆಚ್ಚೆಂದರೆ 60 ದಿನ ಅಲ್ಲಿರಲು ಅವಕಾಶವಿದೆ, ಟಿಕೆಟನ್ನು ಒಂದು ವಾರ ಮುಂದೂಡಬಹುದು.